ಏಳನೇ ಗುಂಪಿನ ಸೆಲ್ಲುಗಳು

ನಮ್ಮೂರಿಗೆ ಹೊಸದಾಗಿ ಬಂದವರು ಅರ್ಧ ದಿನ ಕಳೆದ ಮೇಲೆ ಕೇಳೋದು ಒಂದೇ ಮಾತು, ಇಳಿಜಾರು ಎಲ್ಲಿ ಅಂತ. ಇಲ್ಲ ಅಂದರೆ ನಂಬೋದಿಲ್ಲ. ಹತ್ತಿದ ಮೇಲೆ ಇಳೀಲೇಬೇಕಲ್ಲ ಅಂತ ವಾದ ಮಾಡ್ತಾರೆ. ಮಾಡಲಿ. ನಮ್ಮಲ್ಲಿ ಮನೆಯಿಂದ ಸಂತೆಗೆ ಹೋಗೋದೂ ಏರು, ಸಂತೆಯಿಂದ ಮನೆಗೆ ಬರೋದೂ ಏರು. ಬಾವಿಗೆ ಖಾಲಿ ಕೊಡ ಹೊತ್ತು ಹತ್ತಬೇಕು, ತುಂಬಿದ ಕೊಡ ಹೊತ್ತೂ ಹತ್ತಬೇಕು. ನಾನು ಹುಟ್ಟಿದಾಗಿನಿಂದ ಹೀಗೇ ಇದೆ, ನಮ್ಮಜ್ಜಿ ಹುಟ್ಟಿದಾಗಲೂ ಹೀಗೇ ಇತ್ತಂತೆ. ಯಾಕೆ ಹೀಗೆ ಅಂತ ಕೇಳೋರಿಗೆ ಬೇರೆ ಕೆಲಸ ಇರೋದಿಲ್ಲ. ನನಗೆ ಸೈಕಲ್ ರಿಪೇರಿ ಕೆಲಸ ಇದೆ.

ನನ್ನ ಹೆಸರು ಸಣ್ಣಮ್ಮ. ಗಾಣದ ಬೀದಿಯಲ್ಲಿ ನಮ್ಮಪ್ಪ ಬಿಟ್ಟುಹೋದ ಶಾಪು ನಂದು, ಮನೆ ಶಾಪಿನ ಹಿಂದೆ. ಐವತ್ತಾರು ವರ್ಷದ ಹೆಂಗಸು ಕೂತು ಪಂಚರ್ ಹಾಕೋದು ಹೊರಗಿನವರಿಗೆ ವಿಚಿತ್ರ ಕಾಣಬಹುದು, ನಮ್ಮ ಬೀದಿಗೆ ಅಭ್ಯಾಸವಾಗಿದೆ. ನಮ್ಮೂರ ಸೈಕಲ್ಲಿಗೆ ಬ್ರೇಕ್ ಇರೋದಿಲ್ಲ. ಕಾಲು ನಿಲ್ಲಿಸಿದರೆ ಸೈಕಲ್ಲು ನಿಲ್ಲುತ್ತೆ. ಹಿಂದಕ್ಕೆ ಜಾರೋ ಮಾತೇ ಇಲ್ಲ, ಹಿಂದಕ್ಕೂ ಏರೇ. ಹೊರಗಿನ ಸೈಕಲ್ ಯಾವುದಾದರೂ ಶಾಪಿಗೆ ಬಂದರೆ ಮೊದಲು ಬ್ರೇಕ್ ಬಿಚ್ಚಿ ಭಾರ ಕಮ್ಮಿ ಮಾಡು ಅಂತ ಅಪ್ಪ ಹೇಳಿಕೊಟ್ಟಿದ್ದರು. ನಲವತ್ತು ವರ್ಷದಿಂದ ಹಾಗೇ ಮಾಡ್ತಾ ಬಂದಿದ್ದೆ.

ಬೈಕು, ಆಟೋ ಎಲ್ಲ ಬಂದು ನೋಡಿದವು. ಎಂಜಿನ್ನಿಗೆ ಉಸಿರಾಡೋಕೆ ಒಂದು ಚೂರಾದರೂ ಇಳಿಜಾರು ಬೇಕಂತೆ. ಇಲ್ಲಿ ಒಂದು ಫರ್ಲಾಂಗು ಬರೋದರಲ್ಲಿ ಕಾದು ನಿಂತುಬಿಡ್ತವೆ. ಬಸ್ಸು ಊರಾಚೆ ಹುಣಸೆಮರದವರೆಗೆ ಮಾತ್ರ. ಅಲ್ಲಿಂದ ಒಳಗೆ ನಡೀಬೇಕು, ಇಲ್ಲ ಪೆಡಲ್ ತುಳೀಬೇಕು. ವಯಸ್ಸಿರೋವರೆಗೆ ಅದೇನು ದೊಡ್ಡದಲ್ಲ. ವಯಸ್ಸಾದ ಮೇಲೆ ಒಂದು ದಿನ ಕಾಲೋ ಎದೆಯೋ ಇನ್ನಾಗೋದಿಲ್ಲ ಅನ್ನುತ್ತೆ. ಆವತ್ತು ಯಾವ ಮನೆಯಲ್ಲಿದ್ದೀರೋ ಅಲ್ಲೇ ಕೂತುಬಿಡಬೇಕು. ಕೂತವರು ಆಮೇಲೆ ಬೀದಿಗೆ ಕಾಲಿಡೋದಿಲ್ಲ. ಮೂರನೇ ದಿನ ಅವರ ಚಪ್ಪಲಿಯನ್ನ, ಸರಿಹೋಗೋ ಕಾಲಿರೋ ಯಾರಿಗಾದರೂ ಕೊಟ್ಟುಬಿಡ್ತೀವಿ. ಜನ ಅದಕ್ಕೆ ತಕ್ಕ ಹಾಗೆ ಹುಷಾರಾಗಿರ್ತಾರೆ. ಅರವತ್ತು ದಾಟಿದವರು ಇಷ್ಟವಿಲ್ಲದ ಮನೆಗೆ ಊಟಕ್ಕೆ ಹೋಗೋದಿಲ್ಲ, ಎಲ್ಲಿ ಅಲ್ಲೇ ಕೂರಬೇಕಾಗುತ್ತೋ ಅಂತ. ರಾಗಿ ಬೀಸಿಸೋಕೆ ಹೋದ ಕಲ್ಲಯ್ಯಜ್ಜ ಒಂಬತ್ತು ವರ್ಷದಿಂದ ಹಿಟ್ಟಿನ ಗಿರಣಿ ಜಗಲಿ ಮೇಲೇ ಇದ್ದಾರೆ. ಗಿರಣಿಯವರು ಪಾಪ ಊಟ ಹಾಕ್ತಾರೆ, ಅಜ್ಜ ಹಿಟ್ಟು ಜರಡಿ ಹಿಡಿದು ಕೊಡ್ತಾರೆ.

ನಮ್ಮನೆಯವರ ಹೆಸರು ಶಿವರುದ್ರಯ್ಯ. ಮೂವತ್ತೊಂದು ವರ್ಷ ಊರಿಗೆಲ್ಲ ಅಂಚೆ ಹಂಚಿದವರು. ಯಾರ ಮನೆ ಬಾಗಿಲು ಕಿರ್ ಅನ್ನುತ್ತೆ, ಯಾರ ಮನೆ ನಾಯಿ ಬೊಗಳುತ್ತೆ, ಯಾರು ಕಾಗದ ಇಸ್ಕೊಂಡು ಒಳಗೆ ಹೋಗಿ ಅಳ್ತಾರೆ, ಎಲ್ಲ ಗೊತ್ತು. ರಿಟೈರಾದ ಮೇಲೂ ಬೆಳಗಾದರೆ ಬರಿಗೈಲಿ ಊರು ಒಂದು ಸುತ್ತು ಹಾಕಿ ಬರೋರು. ಯುಗಾದಿ ಮುಗಿದ ವಾರ, ಅಕ್ಕನಿಗೆ ಒಬ್ಬಟ್ಟು ಕೊಟ್ಟು ಬರ್ತೀನಿ ಅಂತ ಕೆರೆಬೀದಿಗೆ ಹೋದರು. ಅಲ್ಲಿ ಎದೆ ಹಿಡೀತು. ಗುರುವಾರ ಹುಣಸೆಮರಕ್ಕೆ ಬರೋ ಡಾಕ್ಟರನ್ನ ಕರೆದು ತೋರಿಸಿದ್ದಾಯಿತು. ಎದೆ ಸೋತಿದೆ, ಉಪ್ಪು ಕಮ್ಮಿ ಮಾಡಿ, ಇನ್ನು ಏರು ಹತ್ತೋ ಹಾಗಿಲ್ಲ ಅಂದರು. ನಮ್ಮೂರಲ್ಲಿ ಏರು ಹತ್ತಬೇಡಿ ಅಂದರೆ ಏನು ಉಳೀತು? ಒಬ್ಬಟ್ಟು ಕೊಡೋಕೆ ಹೋದವರು ಅಲ್ಲೇ ಕೂತರು. ಅವರ ಚಪ್ಪಲಿ ನಮ್ಮೆದುರು ಅಂಗಡಿಯ ಟೈಲರ್ ಗುರುಮಲ್ಲುವಿನ ಕಾಲಿಗೆ ಸರಿಹೋಯಿತು. ದಿನಾ ಬೆಳಗ್ಗೆ ಅವನ ಅಂಗಡಿ ಮೆಟ್ಟಿಲ ಹತ್ತಿರ ಆ ಚಪ್ಪಲಿ ಬಿಟ್ಟಿರೋದು ಕಾಣೋದು, ನಾನು ಮುಖ ಆ ಕಡೆ ತಿರುಗಿಸಿ ಕೂರ್ತಿದ್ದೆ. ಅವನದೇನೂ ತಪ್ಪಿಲ್ಲ, ಅದೂ ಗೊತ್ತಿತ್ತು.

ಅವರಕ್ಕ ಹೊನ್ನತ್ತಿಗೆ ಒಳ್ಳೆಯವರೇ. ಆದರೆ "ನನ್ನ ತಮ್ಮ ಹುಟ್ಟಿದ ಮನೆಗೇ ಬಂದು ಕೂತ, ಪುಣ್ಯವಂತ" ಅಂತ ಬೀದಿಗೆಲ್ಲ ಹೇಳಿಕೊಂಡು ಬಂದರು ನೋಡಿ, ಅದು ನನಗೆ ಹಿಡಿಸಲಿಲ್ಲ. ಮೇಲಾಗಿ ಅವರ ಕೈಗೆ ಉಪ್ಪಿನ ಅಂದಾಜಿಲ್ಲ. ಡಾಕ್ಟರ್ ಹೇಳಿದ್ದು ನೆನಪಿಸಿದರೆ, "ಉಪ್ಪಿಲ್ಲದ್ದು ತಿಂದು ಬದುಕಿ ಏನು ಮಾಡಬೇಕೇ" ಅನ್ನೋರು. ಅದಕ್ಕೆ ನಾನೇ ದಿನಾ ಮಧ್ಯಾಹ್ನ ಶಾಪು ಮುಚ್ಚಿ ಸಪ್ಪೆ ಸಾರು ಅನ್ನ ಹೊತ್ತು ಮುಕ್ಕಾಲು ಮೈಲಿ ಹತ್ತಿ ಹೋಗ್ತಿದ್ದೆ, ಉಣಿಸಿ ಮುಕ್ಕಾಲು ಮೈಲಿ ಹತ್ತಿ ಬರ್ತಿದ್ದೆ. ಆಷಾಢ ಬರೋದರಲ್ಲಿ ನನ್ನ ಎಡಗಡೆ ಮಂಡಿ ಕಟಕಟ ಅನ್ನೋಕೆ ಶುರುವಾಯಿತು. ಆಗ ನಿಜವಾಗಿ ಹೆದರಿಕೆ ಬಂತು. ನಾಳೆ ನಾನೂ ಇಲ್ಲಿ ಕೂತುಬಿಟ್ಟರೆ, ಅವರು ಅಲ್ಲಿ, ನಾನಿಲ್ಲಿ, ಮಧ್ಯೆ ಬರೀ ಮುಕ್ಕಾಲು ಮೈಲಿ, ಸಾಯೋವರೆಗೂ ಒಬ್ಬರ ಮುಖ ಒಬ್ಬರು ನೋಡೋ ಹಾಗಿಲ್ಲ. ನೀನೇ ಅಲ್ಲಿ ಹೋಗಿ ಕೂರು ಅಂದರು ಕೆಲವರು. ಹೊನ್ನತ್ತಿಗೆ ಅಡುಗೆಮನೆಯಲ್ಲಿ ನಾನು ಒಂದು ವಾರ ಬಾಳಲಾರೆ. ಅದು ಅವರಿಗೂ ಗೊತ್ತು.

ಅವರನ್ನ ಮನೆಗೆ ಹೇಗೆ ತರೋದು? ಹೊತ್ತು ತರೋಣ ಅಂದರೆ, ನಾಲ್ಕು ಹೆಗಲ ಮೇಲೆ ಹೋಗೋದು ಒಂದೇ ಸಲ ಅನ್ನೋದು ನಮ್ಮೂರ ಮಾತು. ಉಸಿರಿರೋ ಯಾರೂ ಅದಕ್ಕೆ ಒಪ್ಪೋದಿಲ್ಲ. ಕೈಗಾಡಿಯಲ್ಲಿ ಕೂರಿಸಿ ನೂಕಿಸ್ತೀನಿ ಅಂದೆ. "ನಾನೇನು ಸಂತೆಗೆ ಹೋಗೋ ಕುಂಬಳಕಾಯೇನೇ?" ಅಂದರು. ಸರಿ, ಗಾಡಿ ಮಾತು ಕೈಬಿಟ್ಟೆ.

ಅಂಥ ಹೊತ್ತಿಗೆ ಸರಿಯಾಗಿ ಹೊರಗಿನವನೊಬ್ಬ ಗುಡ್ಡದ ಸೈಕಲ್ ತಗೊಂಡು ಬಂದ. ಇಪ್ಪತ್ತೊಂದು ಗೇರು, ಕೈಬೆರಳಷ್ಟು ಎತ್ತರದ ಹಲ್ಲಿರೋ ಟೈರು, ಮುಂದೆ ಸ್ಪ್ರಿಂಗು. ಊರು ಪೂರ್ತಿ ತುಳಿದ, ಇಳಿಜಾರು ಹುಡುಕಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನು ನಮ್ಮೂರ ನೆಲವನ್ನೇ ಬೈದ. ಕೊನೆಗೆ ನನ್ನ ಶಾಪಿನ ಮುಂದೆ ನೆಲಕ್ಕೆ ಕೂತು, "ಅಮ್ಮಾ, ಇದನ್ನ ನೀವೇ ಇಟ್ಕೊಳ್ಳಿ" ಅಂತ ಹೇಳಿ ನಡ್ಕೊಂಡು ಬಸ್ಸಿಗೆ ಹೋದ. ನಾನು ಅಭ್ಯಾಸದಂತೆ ಮೊದಲು ಅದರ ಬ್ರೇಕ್ ಬಿಚ್ಚಿದೆ. ಚಕ್ರಕ್ಕೊಂದರಂತೆ ತೂತುತೂತಿನ ಉಕ್ಕಿನ ತಟ್ಟೆ, ಚೆನ್ನಾಗಿತ್ತು. ಬಿಸಿ ಪಾತ್ರೆ ಇಡೋಕೆ ಒಳಗಿಟ್ಟುಕೊಂಡೆ.

ಬಸ್ ಕಂಡಕ್ಟರ್ ನಜೀರಣ್ಣನ ತಮ್ಮ ಹೊರಗಿನ ಪಟ್ಟಣದಲ್ಲಿ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸೈಕಲ್ಲಿಗೆ ಹಾಕೋ ಕರೆಂಟ್ ಮೋಟರ್ ಬರುತ್ತೆ, ಎಂಜಿನ್ನಿನ ಹಾಗೆ ಕಾದು ನಿಲ್ಲೋದಿಲ್ಲ ಅಂತ ನಜೀರಣ್ಣನೇ ಹೇಳಿದ್ದು. ತರಿಸಿಕೊಟ್ಟದ್ದೂ ಅವನೇ. ಹಿಂದಿನ ಚಕ್ರದ ನಡುವೆ ಕೂರೋ ಮೋಟರು, ಅದಕ್ಕೆ ಹೇಳಿದಷ್ಟು ಕರೆಂಟ್ ಬಿಡೋ ಕಂಟ್ರೋಲರ್ ಡಬ್ಬಿ, ಕೈಹಿಡಿಯಲ್ಲಿ ತಿರುಗಿಸೋ ಎಕ್ಸಲೇಟರು. ಜೊತೆಗೆ ವಯರು ಬಾಲದ ಹಾಗೆ ನೇತಾಡೋ ಎರಡು ಬ್ರೇಕ್ ಹಿಡಿ. ಬ್ರೇಕ್ ಒತ್ತಿದರೆ ಮೋಟರಿನ ಕರೆಂಟೂ ನಿಲ್ಲುತ್ತೆ ಅಂತ ಕಾಗದದಲ್ಲಿ ಚಿತ್ರ ಇತ್ತು. ನಿಲ್ಲಿಸೋಕೂ ಒಂದು ಸಾಮಾನಾ ಅಂತ ನಕ್ಕು ಗೋಡೆ ಮೊಳೆಗೆ ನೇತುಹಾಕಿದೆ.

ಬ್ಯಾಟರಿ ಮಾತ್ರ ನಾನೇ ಕಟ್ಟಿದೆ. ನಜೀರಣ್ಣನ ತಮ್ಮ ಹಳೇ ಲ್ಯಾಪ್‌ಟಾಪ್ ಒಡೆದು ತೆಗೆದ ಸೆಲ್ಲುಗಳನ್ನ ಒಂದು ಬಿಸ್ಕತ್ತಿನ ಡಬ್ಬದಲ್ಲಿ ಕಳಿಸಿದ್ದ. ಒಂದೊಂದನ್ನೂ ಮೀಟರಿಗೆ ಹಿಡಿದು, ಸತ್ತಿರೋದನ್ನ ಬೇರೆ ಮಾಡಿದಾಗ ಅರವತ್ತು ಉಳಿದವು. ಆರಾರನ್ನ ಸೇರಿಸಿ ಒಂದು ಗುಂಪು, ಅಂಥ ಹತ್ತು ಗುಂಪು ಸಾಲಾಗಿ. ಯಾವ ಒಂದು ಗುಂಪು ಸೋತರೂ ಇಡೀ ಬ್ಯಾಟರಿಯನ್ನ ಆಫ್ ಮಾಡೋ ಕಾವಲು ಬೋರ್ಡು ಅದರ ಮೇಲೆ. ಗುರುಮಲ್ಲು ರೆಕ್ಸಿನ್ನಿನಲ್ಲಿ ಚೀಲ ಹೊಲಿದುಕೊಟ್ಟ. ಅಳತೆ ತಗೊಳ್ಳೋಕೆ ಬಂದಾಗ ಚಪ್ಪಲಿಯನ್ನ ದೂರ ರಸ್ತೆಯಲ್ಲೇ ಬಿಟ್ಟು ಬಂದಿದ್ದ, ನನ್ನ ಕಣ್ಣಿಗೆ ಬೀಳಬಾರದು ಅಂತ. ಅವನೂ ಒಂಥರಾ ಒಳ್ಳೆಯವನೇ.

ಮೊದಲನೇ ದಿನ ಎಕ್ಸಲೇಟರ್ ತಿರುಗಿಸಿದರೆ ಚಕ್ರ ಹಿಂದಕ್ಕೆ ತಿರುಗಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅಂತಾರಲ್ಲ, ಹಾಗೆ. ಗುರುಮಲ್ಲು ಸಮಾಧಾನ ಹೇಳಿದ, "ಬಿಡಕ್ಕಾ, ಹಿಂದಕ್ಕೆ ಹೋದರೂ ಏರೇ ತಾನೇ, ಊರು ಸುತ್ತಿ ಮನೆಗೇ ಬರುತ್ತೆ." ಮೋಟರಿನ ಮೂರು ದಪ್ಪ ವಯರುಗಳಲ್ಲಿ ಎರಡನ್ನ ಅದಲು ಬದಲು ಮಾಡಿದೆ, ಮುಂದಕ್ಕೆ ತಿರುಗಿತು. ಎರಡನೇ ದಿನ ನೆಲಕ್ಕಿಳಿಸಿ ತಿರುಗಿಸಿದರೆ ಟಣ್ ಅಂತ ಸದ್ದು. ಚಕ್ರ ನಿಂತಲ್ಲೇ ನಿಂತು, ಮೋಟರಿನ ಆಕ್ಸಲ್ಲೇ ಗಿರ್ರನೆ ತಿರುಗಿ, ನಟ್ಟು ಸಡಿಲಾಗಿ, ವಯರು ಜಡೆ ಹೆಣೆದ ಹಾಗೆ ಸುತ್ತಿಕೊಂಡು ಹರೀತು. ಮೋಟರಿಗೆ ಎರಡೂ ಒಂದೇ. ಚಕ್ರ ತಿರುಗದಿದ್ದರೆ ತಾನೇ ತಿರುಗುತ್ತೆ. ವಯರೆಲ್ಲ ಮತ್ತೆ ಬೆಸುಗೆ ಹಾಕಿ, ಅಪ್ಪನ ಕಾಲದ ಒಂಬತ್ತು ನಂಬರ್ ಸ್ಪ್ಯಾನರಿನ ಬಾಯನ್ನ ಅರದಿಂದ ಉಜ್ಜಿ ಅಗಲ ಮಾಡಿ ಆಕ್ಸಲ್ಲಿಗೆ ಕಚ್ಚಿಸಿ, ಅದರ ಬಾಲವನ್ನ ಸೈಕಲ್ಲಿನ ಚೌಕಟ್ಟಿಗೆ ಕ್ಲಾಂಪ್ ಹಾಕಿ ಬಿಗಿದೆ. ಆಮೇಲೆ ಆಕ್ಸಲ್ ಅಲ್ಲಾಡಲಿಲ್ಲ. ಅಪ್ಪನ ಸ್ಪ್ಯಾನರು ಹೋಯಿತಲ್ಲ ಅಂತ ಸಂಕಟ ಆಯಿತು.

ಮೂರನೇ ತಕರಾರು ಬಲು ಮೋಸದ್ದು. ಚಕ್ರವನ್ನ ಎತ್ತಿ ಗಾಳಿಯಲ್ಲಿ ತಿರುಗಿಸಿದರೆ ಗಂಟೆಗಟ್ಟಲೆ ಸೊಗಸಾಗಿ ತಿರುಗೋದು. ನೆಲಕ್ಕಿಟ್ಟು, ಹಿಂದೆ ಗುರುಮಲ್ಲುವನ್ನೂ ಅವನ ತೊಡೆ ಮೇಲೆ ಅರ್ಧ ಮೂಟೆ ರಾಗಿಯನ್ನೂ ಕೂರಿಸಿಕೊಂಡು ಹೊರಟರೆ, ಗಿರಣಿ ತಿರುವಿನವರೆಗೆ ಹೋಗಿ ತಟ್ಟನೆ ಎಲ್ಲ ಬಂದ್. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಮತ್ತೆ ಸರಿ. ನಾಲ್ಕು ದಿನ ಕಂಟ್ರೋಲರನ್ನ ಬೈದೆ, ಪ್ಲಗ್ಗನ್ನ ಬೈದೆ, ನಜೀರಣ್ಣನ ತಮ್ಮನ್ನ ಬೈದೆ. ಐದನೇ ದಿನ ಬುದ್ಧಿ ಬಂತು. ವಿಶ್ರಾಂತಿಯಲ್ಲಿದ್ದಾಗ ಅಳೆದರೆ ಎಲ್ಲರೂ ಗಟ್ಟಿಗರೇ, ಭಾರ ಎಳೆಯೋವಾಗ ಅಳೀಬೇಕು. ಮುಂದಿನ ಚಕ್ರವನ್ನ ಗೋಡೆಗೆ ಒತ್ತಿ ನಿಲ್ಲಿಸಿ, ಗುರುಮಲ್ಲು ಹೆದರಿಕೊಂಡೇ ಎಕ್ಸಲೇಟರ್ ತಿರುಗಿಸೋವಾಗ ಒಂದೊಂದು ಗುಂಪಿಗೂ ಮೀಟರಿನ ಕಡ್ಡಿ ಚುಚ್ಚಿ ನೋಡಿದೆ. ಒಂಬತ್ತು ಗುಂಪು ಜಗ್ಗಲಿಲ್ಲ. ಏಳನೆಯದು ಮಾತ್ರ ಭಾರ ಬಿದ್ದ ಕೂಡಲೇ ಕುಸಿಯೋದು, ಭಾರ ತೆಗೆದರೆ ಎರಡೇ ನಿಮಿಷದಲ್ಲಿ ಮತ್ತೆ ಎದ್ದು ನಿಲ್ಲೋದು. ಅದರಲ್ಲಿ ಒಂದು ಬೆಸುಗೆ ಬಿಟ್ಟಿತ್ತು, ಹಾಕಿದೆ. ಕುಸಿಯೋದು ಕಮ್ಮಿಯಾಯಿತು, ಪೂರ್ತಿ ಹೋಗಲಿಲ್ಲ. ಬದಲಿಗೆ ಹಾಕೋಕೆ ಒಳ್ಳೇ ಸೆಲ್ಲು ಉಳಿದಿರಲಿಲ್ಲ. ಕೆರೆಬೀದಿಯಿಂದ ಮನೆವರೆಗೆ, ಒಂದೇ ಕಡೆ, ಒಂದೇ ಸಲ, ಮುಕ್ಕಾಲು ಮೈಲಿ ಎಳೆದರೆ ಸಾಕು ಅಂದುಕೊಂಡೆ. ಎರಡು ಸಲ ಗುರುಮಲ್ಲುವನ್ನ ಕೂರಿಸಿ ಮುಕ್ಕಾಲು ಮೈಲಿ ಓಡಿಸಿ ನೋಡಿದೆ, ಎಳೀತು.

ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಕೆರೆಬೀದಿಗೆ ತಗೊಂಡು ಹೋದೆ. ಬ್ಯಾಟರಿ ಉಳಿಸೋಣ ಅಂತ ಹೋಗೋವಾಗ ತುಳಿದುಕೊಂಡೇ ಹೋದೆ. ಹೊನ್ನತ್ತಿಗೆ ಬಾಗಿಲಲ್ಲಿ ನಿಂತು ಸೈಕಲ್ಲನ್ನ ಮೇಲಿಂದ ಕೆಳಗೆ ನೋಡಿದರು. "ಕೂತವರನ್ನ ಎಬ್ಬಿಸೋದು ನಮ್ಮ ವಂಶದಲ್ಲೇ ಇಲ್ಲ, ಸಣ್ಣಮ್ಮ" ಅಂದರು. "ಎಬ್ಬಿಸ್ತಾ ಇಲ್ಲ ಅತ್ತಿಗೆ, ಇಲ್ಲಿಂದ ತೆಗೆದು ಅಲ್ಲಿ ಕೂರಿಸ್ತೀನಿ" ಅಂದೆ. ಅವರು ತಮ್ಮನ ತಲೆ ಸವರಿ, "ಹೋಗಪ್ಪ, ನನ್ನ ಮಂಡಿಯೂ ಇನ್ನೆಷ್ಟು ದಿನವೋ, ಇನ್ನು ನಿನ್ನ ಮುಖ ನೋಡೋದು ಯಾವ ಜನ್ಮಕ್ಕೋ" ಅಂತ ಸೆರಗಲ್ಲಿ ಕಣ್ಣೊರೆಸಿಕೊಂಡರು. ನನಗೆ ಗೆದ್ದೆ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

ನಮ್ಮನೆಯವರು ಬರಿಗಾಲಲ್ಲಿ ಹೊಸಿಲಿಂದಲೇ ಹಿಂದಿನ ಕ್ಯಾರಿಯರ್ ಮೇಲೆ ಕೂತರು, ನೆಲಕ್ಕೆ ಕಾಲು ಸೋಕಿಸದ ಹಾಗೆ. ಎಕ್ಸಲೇಟರ್ ತಿರುಗಿಸಿದೆ. ಸೈಕಲ್ಲು ಗುಂಯ್ ಅಂತ ಹೊರಟಿತು. ಅಯ್ಯೋ, ಆ ಸುಖ ಹೇಳೋಕಾಗೋದಿಲ್ಲ. ಕಾಲು ಸುಮ್ಮನಿದೆ, ಏರು ತಾನಾಗೇ ಹಿಂದಕ್ಕೆ ಹೋಗ್ತಿದೆ. ಐವತ್ತಾರು ವರ್ಷದಲ್ಲಿ ಒಂದು ದಿನವೂ ನನ್ನ ಕಾಲು ಸುಮ್ಮನಿದ್ದು ನಾನು ಮುಂದೆ ಹೋದದ್ದಿಲ್ಲ. ಹಿಂದೆ ಅವರು ನನ್ನ ಭುಜ ಹಿಡಿದು, "ನಿಧಾನ ಕಣೇ" ಅಂತ ನಗ್ತಿದ್ದರು.

ಗಾಣದ ಬೀದಿ ಬಂತು, ಮನೆ ಕಂಡಿತು, ಗುರುಮಲ್ಲು ಅಂಗಡಿ ಬಿಟ್ಟು ಎದ್ದು ನಿಂತಿದ್ದ. ಎಕ್ಸಲೇಟರ್ ಬಿಟ್ಟೆ. ಅದು ವಾಪಸು ತಿರುಗಲಿಲ್ಲ. ಅದರ ಪಕ್ಕದ ಹಿಡಿಗೆ ಬೆವರಿಗೆ ಕೈ ಜಾರದಿರಲಿ ಅಂತ ನಾನೇ ಹಳೇ ಟ್ಯೂಬು ಸುತ್ತಿದ್ದೆ, ಪೂರ್ತಿ ತಿರುಗಿಸಿದಾಗ ಆ ರಬ್ಬರು ಮಡಿಸಿಕೊಂಡು ಸಂದಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಕಾಲು ನಿಲ್ಲಿಸಿದೆ. ಕಾಲು ಮೊದಲೇ ನಿಂತಿತ್ತು. ಮನೆ ಬಾಗಿಲು ಪಕ್ಕದಲ್ಲೇ ಹಾದುಹೋಯಿತು. ಗುರುಮಲ್ಲು ಕತ್ತು ತಿರುಗಿಸಿ ನೋಡ್ತಾ ನಿಂತ. ಆಗ ನನಗೆ ಆ ಉಕ್ಕಿನ ತಟ್ಟೆ ನೆನಪಾಯಿತು. ಬೆಳಗ್ಗೆ ತಾನೇ ಅದರ ಮೇಲೆ ಸಾರಿನ ಪಾತ್ರೆ ಇಟ್ಟು ಬಂದಿದ್ದೆ. ಮಾಡಿದ್ದುಣ್ಣೋ ಮಹಾರಾಯ.

"ರೀ, ಸೀಟಿನ ಹಿಂದೆ ಬ್ಯಾಟರಿಯ ಹಳದಿ ಪ್ಲಗ್ಗಿದೆ, ಎಳೀರಿ" ಅಂದೆ.

"ಯಾವುದು?"

"ಹಳದಿ. ನಿಮ್ಮ ಮಂಡಿ ಹತ್ತಿರ."

"ಹಾಂ, ಸಿಕ್ತು."

"ಎಳೀರಿ ಮತ್ತೆ."

"ಇರು, ಎಳೀತೀನಿ" ಅಂದರು.

ಎಳೀಲಿಲ್ಲ. ನನ್ನ ಎರಡೂ ಕೈ ಹ್ಯಾಂಡಲ್ಲಿಗೇ ಬೇಕಾಗಿತ್ತು, ಬಿಟ್ಟರೆ ಇಬ್ಬರೂ ಮಣ್ಣು ಮುಕ್ಕಬೇಕು. ಸೈಕಲ್ಲು ಸಂತೆ ಮೈದಾನ ದಾಟಿತು. ಹಿಂದಿನಿಂದ ಅವರು ಒಂದೇ ಸಮ ಮಾತಾಡೋಕೆ ಶುರುಮಾಡಿದರು. ಪುಟ್ಟೀರಮ್ಮನ ಮನೆಗೆ ನೀಲಿ ಬಣ್ಣ ಬಳಿದಿದ್ದಾರೆ ನೋಡು. ಸ್ಕೂಲಿನ ಗಂಟೆ ಬದಲಾಯಿಸಿದ್ದಾರೆ. ಈ ಬೇವಿನ ಮರ ಯಾವಾಗ ಕಡಿದರು, ನನಗೆ ಯಾರೂ ಹೇಳಲೇ ಇಲ್ಲವಲ್ಲ. ಗಿರಣಿ ಮುಂದೆ ಬಂದಾಗ ಕಲ್ಲಯ್ಯಜ್ಜ ಜರಡಿ ಕೈಲಿ ಹಿಡಿದು ಬಾಯಿಬಿಟ್ಟು ನೋಡಿದರು. ಇವರು ಕೈಯೆತ್ತಿ, "ಅಜ್ಜಾ, ಇವತ್ತು ಕಾಗದ ಇಲ್ಲ" ಅಂದರು. ಮೂವತ್ತೊಂದು ವರ್ಷ ದಿನಾ ಹೇಳ್ತಿದ್ದ ಮಾತು ಅದು. ಸೈಕಲ್ಲು ಮತ್ತೆ ಕೆರೆಬೀದಿಗೇ ಬಂತು. ಹೊನ್ನತ್ತಿಗೆ ಪಾತ್ರೆ ಬೆಳಗ್ತಾ ಕೂತವರು ತಲೆಯೆತ್ತಿದರು. "ಅಕ್ಕಾ" ಅಂದರು ಇವರು, ಅಷ್ಟೇ ಹೇಳೋಕೆ ಹೊತ್ತು ಸಿಕ್ಕಿದ್ದು. ಪಾತ್ರೆ ಉರುಳಿದ ಸದ್ದು ಕೇಳಿಸಿತು.

"ಪ್ಲಗ್ಗು ನಿಮ್ಮ ಕೈಯಲ್ಲೇ ಇದೆ ಅಲ್ವಾ?" ಅಂತ ಕೇಳಿದೆ. "ಇದೆ ಕಣೇ. ಅಕ್ಕನ ಮನೆಯಲ್ಲಿ ಕೂತರೂ ಕೂತ ಹಾಗೇ, ನಮ್ಮನೆಯಲ್ಲಿ ಕೂತರೂ ಕೂತ ಹಾಗೇ. ಇನ್ನು ಇದನ್ನೆಲ್ಲ ಯಾವಾಗ ನೋಡ್ತೀನಿ? ಒಂದು ಸುತ್ತು ನೋಡಿಕೊಂಡು ಎಳೀತೀನಿ" ಅಂದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆರು ತಿಂಗಳು ನಾನು ಯೋಚನೆ ಮಾಡಿದ್ದು ಅವರನ್ನ ಒಂದು ಗೋಡೆಯಿಂದ ಎತ್ತಿ ಇನ್ನೊಂದು ಗೋಡೆಗೆ ಒರಗಿಸೋದನ್ನೇ. ಅವರಿಗೆ ಏನು ಬೇಕು ಅಂತ ಒಂದು ದಿನವೂ ಕೇಳಿರಲಿಲ್ಲ.

ಎರಡನೇ ಸಲ ಗಾಣದ ಬೀದಿಗೆ ತಿರುಗಿದಾಗ, ಮನೆ ಇನ್ನು ನಲವತ್ತು ಹೆಜ್ಜೆ ಇದೆ ಅನ್ನೋವಾಗ, ತಟ್ಟನೆ ಎಲ್ಲ ನಿಂತಿತು. ಏಳನೇ ಗುಂಪು. ಮೊದಲು ಆ ಹಾಳು ರಬ್ಬರನ್ನ ಕಿತ್ತೆಸೆದೆ. ಪ್ಲಗ್ಗು ತೆಗೆಸಿ, ಎರಡು ನಿಮಿಷ ಬಿಟ್ಟು ಹಾಕಿಸಿದೆ. ಹತ್ತು ಹೆಜ್ಜೆ ಹೋಯಿತು, ನಿಂತಿತು. ಮತ್ತೆ ಎರಡು ನಿಮಿಷ. ಈ ಸಲ ನಾಲ್ಕೇ ಹೆಜ್ಜೆ. ಮೂರನೇ ಸಲ ಗುಂಯ್ ಅಂತ ಸದ್ದು ಮಾತ್ರ ಬಂತು. ಇಪ್ಪತ್ತಾರು ಹೆಜ್ಜೆ ಉಳಿದಿತ್ತು. ನೂಕಿದೆ. ನನ್ನ ಮಂಡಿ ಕಟಕ್ ಅಂತು, ಸೈಕಲ್ಲು ಅಲ್ಲಾಡಲಿಲ್ಲ. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ಕೈ ಹಾಕೋ ಹಾಗಿಲ್ಲ, ಒಬ್ಬರು ಬಂದರೆ ಇನ್ನೊಬ್ಬರು ಬರ್ತಾರೆ, ನಾಲ್ಕು ಜನ ಆದರೆ ಏನರ್ಥ ಅಂತ ಎಲ್ಲರಿಗೂ ಗೊತ್ತು. ಗಾಣದ ಮನೆ ಯಜಮಾನರು ಮೆತ್ತಗೆ ಹೇಳಿದರು, "ಸಣ್ಣಮ್ಮ, ನಿಂತದ್ದು ನಮ್ಮ ಜಗಲಿ ಮುಂದೆ. ಇಲ್ಲೇ ಕೂರಿಸಿಬಿಡವ್ವ. ನಮಗೇನೂ ಭಾರವಲ್ಲ." ಅವರು ಒಳ್ಳೇ ಮನಸ್ಸಿಂದಲೇ ಹೇಳಿದ್ದು. ಆದರೆ ನಮ್ಮ ಮನೆ ಬಾಗಿಲು ಅಲ್ಲೇ ಕಾಣ್ತಿತ್ತು. ಹ್ಯಾಂಡಲ್ ಹಿಡಿದುಕೊಂಡೇ ಅತ್ತುಬಿಟ್ಟೆ, ಬೀದಿಯ ಮುಂದೆ.

"ಏನಾಗಿದೆ ಇದಕ್ಕೆ?" ಅಂತ ಕೇಳಿದರು ನಮ್ಮನೆಯವರು.

"ಏಳನೇ ಗುಂಪು ಸೋತಿದೆ. ಒಂದೇ ಸಮ ಎಳೆಸಿದರೆ ಬಿದ್ದುಹೋಗುತ್ತೆ."

"ಸತ್ತುಹೋಯ್ತಾ?"

"ಸಾಯೋದಿಲ್ಲ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏಳುತ್ತೆ. ಶುರುವಿನಿಂದಲೇ ಹತ್ತು ಹೆಜ್ಜೆ ಎಳೆಸಿ, ಬಿಟ್ಟು, ಹತ್ತು ಹೆಜ್ಜೆ ಎಳೆಸಿದ್ದರೆ ಊರೆಲ್ಲ ಸುತ್ತೋದು. ಈಗ ಪೂರ್ತಿ ಹಿಂಡಿಬಿಟ್ಟಿದ್ದೀವಿ."

ಅವರು ತಮ್ಮ ಎದೆ ಮೇಲೆ ಕೈಯಿಟ್ಟು ನೋಡಿಕೊಂಡರು. "ನಾನು ಆರು ತಿಂಗಳಿಂದ ಬಿಟ್ಟೇ ಇದ್ದೀನಲ್ಲೇ" ಅಂದರು. ಅಂದವರು ಕ್ಯಾರಿಯರಿಂದ ಕೆಳಗಿಳಿದು ಬೀದಿ ಮಣ್ಣಿನ ಮೇಲೆ ಬರಿಗಾಲಿಟ್ಟು ನಿಂತರು.

ಕೂತವರು ಬೀದಿಗೆ ಕಾಲಿಟ್ಟಿದ್ದನ್ನ ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಗಾಣದ ಮನೆ ಯಜಮಾನರು ರುಮಾಲು ತೆಗೆದು ಕೈಯಲ್ಲಿ ಹಿಡಿದರು. ಬೇಡ ರೀ ಅಂದೆ. ಡಾಕ್ಟರ್ ಹೇಳಿದ್ದು ಮರೆತಿರಾ ಅಂದೆ. ಅವರು ನನ್ನ ಭುಜ ಹಿಡಿದು ಒಂದು ಹೆಜ್ಜೆ ಇಟ್ಟರು, ಎರಡಿಟ್ಟರು. ನಾನು ಬಾಯಿ ಮುಚ್ಚಿ ಎಣಿಸೋಕೆ ಶುರುಮಾಡಿದೆ. ಹತ್ತು ಆದ ಕೂಡಲೇ ನಿಲ್ಲಿಸಿದೆ. ಕೂರೋಕೆ ಅಲ್ಲಿ ಏನೂ ಇರಲಿಲ್ಲ. ಗುರುಮಲ್ಲು ಒಳಗೆ ಓಡಿ, ತನ್ನ ಮಿಷನ್ನಿನ ಸ್ಟೂಲು ತಂದು ಬೀದಿ ಮಧ್ಯೆ ಇಟ್ಟ. ಅವರು ಕೂತರು. ನಾನು ಅವರ ನಾಡಿ ಹಿಡಿದುಕೊಂಡೆ, ಅದು ಹಕ್ಕಿ ಹಾಗೆ ಬಡ್ಕೊಳ್ತಿತ್ತು, ಆಮೇಲೆ ಮೆಲ್ಲಗೆ ಸಮಾಧಾನಕ್ಕೆ ಬಂತು. ಗುರುಮಲ್ಲು ಅವರ ಮುಂದೆ ಬಗ್ಗಿ, ಕಾಲಲ್ಲಿದ್ದ ಚಪ್ಪಲಿ ಬಿಟ್ಟು, ಅವರ ಪಾದದ ಹತ್ತಿರ ಜೋಡಿಸಿಟ್ಟ. "ಎಡಗಡೇದು ಸ್ವಲ್ಪ ಸವೆಸಿಬಿಟ್ಟಿದ್ದೀನಿ ಶಿವಣ್ಣ" ಅಂದ. ನಮ್ಮನೆಯವರು ಚಪ್ಪಲಿಯನ್ನ ನೋಡಿದರು, ಮೆಟ್ಟಿಕೊಂಡರು, ಎದ್ದರು.

ಮತ್ತೆ ಹತ್ತು ಹೆಜ್ಜೆ. ಸ್ಟೂಲು ಮುಂದೆ ಬಂತು, ಕೂತರು. ಮತ್ತೆ ಆರು. ನಮ್ಮ ಹೊಸಿಲು ದಾಟಿ ಒಳಗೆ ಹೋಗಿ, ಕುಡಿಯೋಕೆ ನೀರು ಕೇಳಿದರು.

ಗುರುವಾರ ಡಾಕ್ಟರ್ ಬಂದು ಮೊದಲು ಬೈದರು, ಆಮೇಲೆ ಎದೆಗೆ ಕೊಳವೆಯಿಟ್ಟು ತುಂಬಾ ಹೊತ್ತು ಕೇಳಿದರು. ಹತ್ತು ಹೆಜ್ಜೆಗಿಂತ ಒಂದೂ ಜಾಸ್ತಿ ಬೇಡ, ಮಿಕ್ಕಿದ್ದು ಹೀಗೇ ನಡೀಲಿ ಅಂದರು. ನಾನು ಸಾರಿನ ಪಾತ್ರೆ ಕೆಳಗಿನ ತಟ್ಟೆ ತೊಳೆದು ತಂದು, ಗೋಡೆ ಮೇಲಿನ ಹಿಡಿಗಳನ್ನ ಇಳಿಸಿ, ಸೈಕಲ್ಲಿಗೆ ಬ್ರೇಕ್ ಹಾಕಿದೆ. ನಮ್ಮೂರಲ್ಲಿ ಬ್ರೇಕಿರೋ ಸೈಕಲ್ಲು ಅದೊಂದೇ. ಏಳನೇ ಗುಂಪಿಗೆ ಬೇರೆ ಸೆಲ್ಲು ಕಳಿಸ್ತೀನಿ ಅಂದ ನಜೀರಣ್ಣನ ತಮ್ಮ. ಬೇಡ, ಅದು ಹಾಗೇ ಇರಲಿ ಅಂದೆ. ಸ್ಟೂಲು ವಾಪಸ್ ಕೊಡೋಕೆ ಹೋದರೆ ಗುರುಮಲ್ಲು, ಬೀದಿಯಲ್ಲೇ ಇರಲಿ ಬಿಡಕ್ಕ, ನಾನು ಬೇರೆ ಮಾಡಿಸ್ಕೋತೀನಿ ಅಂದ. ಮಾರನೇ ದಿನ ಗಾಣದ ಮನೆಯವರು ಅದರಿಂದ ಹತ್ತು ಹೆಜ್ಜೆಗೆ ಒಂದು ಹಳೇ ಒರಳುಕಲ್ಲನ್ನ ಉರುಳಿಸಿಟ್ಟರು. ಅದಕ್ಕೆ ಹತ್ತು ಹೆಜ್ಜೆಗೆ ಪುಟ್ಟೀರಮ್ಮ ಒಂದು ಡಬ್ಬ ಬೋರಲು ಹಾಕಿದಳು. ಯಾರೂ ಸಭೆ ಸೇರಿ ತೀರ್ಮಾನ ಮಾಡಲಿಲ್ಲ. ದೀಪಾವಳಿ ಬರೋದರಲ್ಲಿ ಕೆರೆಬೀದಿಯವರೆಗೂ ಕೂರೋಕೆ ಒಂದಲ್ಲ ಒಂದು ಇತ್ತು. ಕಲ್ಲಯ್ಯಜ್ಜ ಜರಡಿ ಗಿರಣಿಯವರ ಕೈಗೆ ಕೊಟ್ಟು, ಒಂಬತ್ತು ವರ್ಷದ ಮೇಲೆ ತಮ್ಮ ಮನೆ ಬಾಗಿಲು ತಟ್ಟಿದರಂತೆ, ಒಳಗಿಂದ ಸೊಸೆ ಯಾರು ಅಂತ ಕೇಳಿದಳಂತೆ.

ಹಬ್ಬದ ಮಾರನೇ ದಿನ ಬೆಳಗ್ಗೆ ಹೊನ್ನತ್ತಿಗೆ ನಮ್ಮ ಬಾಗಿಲಲ್ಲಿ ಬಂದು ನಿಂತರು. ಮೂರು ಗಂಟೆ ಹಿಡೀತಂತೆ. ಕೈಯಲ್ಲಿ ಸಾರಿನ ಪಾತ್ರೆ, ಅದರಲ್ಲಿ ಉಪ್ಪು ಎಷ್ಟಿದೆ ಅಂತ ನನಗೆ ನೋಡದೇ ಗೊತ್ತಿತ್ತು. ನನ್ನ ಸಾರು ಬಾಯಿಗಿಟ್ಟು, "ಇದನ್ನ ತಿಂದೂ ಇವನು ಬದುಕಿದ್ದಾನಲ್ಲ" ಅಂದರು. ನಾನು ಇನ್ನೊಂದು ಸೌಟು ಬಡಿಸಿದೆ. ಊಟ ಆದ ಮೇಲೆ ನಮ್ಮನೆಯವರು ಚಪ್ಪಲಿ ಮೆಟ್ಟಿಕೊಂಡು, "ಅಕ್ಕನ್ನ ಬಿಟ್ಟು ಬರ್ತೀನಿ" ಅಂದರು. ಯುಗಾದಿ ವಾರ ಹೊರಟಾಗಲೂ ಬರ್ತೀನಿ ಅಂತಲೇ ಹೇಳಿ ಹೋಗಿದ್ದು. ಹೋಗಬೇಡಿ ಅಂತ ಬಾಯಿಗೆ ಬಂದದ್ದನ್ನ ನುಂಗಿಕೊಂಡು, ಸೈಕಲ್ಲು ತಗೊಂಡು ಬರಲಾ ಅಂತ ಕೇಳಿದೆ. ಬೇಡ ಅಂದರು. ಅಕ್ಕ ತಮ್ಮ ಇಬ್ಬರೂ ಗುರುಮಲ್ಲುವಿನ ಸ್ಟೂಲಿಗೆ ಒಬ್ಬರು, ಒರಳುಕಲ್ಲಿಗೆ ಒಬ್ಬರು ಕೂರ್ತಾ, ಏಳ್ತಾ, ಬೀದಿ ತಿರುವಿನಲ್ಲಿ ಮರೆಯಾದರು. ಶಾಪಿನಲ್ಲಿ ಕೂತು ಒಂದೇ ಟ್ಯೂಬಿಗೆ ಮೂರು ಸಲ ಪಂಚರ್ ಹಾಕಿದೆ. ರಾತ್ರಿ ಎಂಟು ಗಂಟೆಗೆ ಅವರು ವಾಪಸ್ ಬಂದರು. ಅಕ್ಕನ ಮನೆ ಉಪ್ಪಿನಕಾಯಿ ತಿಂದು ಬಂದಿದ್ದು ಅವರ ಬೆರಳು ನೋಡಿದರೇ ಗೊತ್ತಾಗ್ತಿತ್ತು.